ರ‍್ಯಾಂಪ್ ನಿಯಮ ರದ್ದಾಯಿತಾ? ಮಲೆನಾಡಿನ ಮೂರು ಮೆಟ್ಟಿಲ ಲೆಕ್ಕ

2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪು ಬಹಳ ಜನರ ತಲೆ ಕೆಡಿಸಿತು. ಕಟ್ಟಡ, ಬಸ್ಸು, ರಸ್ತೆ, ವೆಬ್‌ಸೈಟು ಇವೆಲ್ಲ ಅಂಗವಿಕಲರಿಗೂ ಬಳಸಲು ಬರುವಂತಿರಬೇಕು ಎನ್ನುವ ನಿಯಮವೇ ಅಸಿಂಧು ಎಂದಿತು ನ್ಯಾಯಾಲಯ. ವಿಚಿತ್ರ ಅಂದರೆ, ಅಂಗವಿಕಲರ ಪರ ಹೋರಾಡುವವರೇ ಈ ತೀರ್ಪಿಗೆ ಖುಷಿಪಟ್ಟರು. ಆ ಡಿಸೆಂಬರ್ 3ರ ಅಂಗವಿಕಲರ ದಿನಾಚರಣೆಯ ಭಾಷಣ, ಹಾರ, ಹಣ್ಣು ಹಂಚಿಕೆ ಎಲ್ಲ ಮುಗಿಯಿತು, ಗೊಂದಲ ಮಾತ್ರ ಹಾಗೇ ಉಳಿಯಿತು. ಇನ್ನು ರ‍್ಯಾಂಪ್ ಕಡ್ಡಾಯ ಅಲ್ವಂತೆ ಅನ್ನುವವರಿದ್ದಾರೆ. ನಾಳೆಯಿಂದ ಎಲ್ಲ ಕಟ್ಟಡ ಒಡೆದು ಕಟ್ಟಬೇಕಂತೆ ಅನ್ನುವವರೂ ಇದ್ದಾರೆ. ಎರಡೂ ಸರಿಯಲ್ಲ.

ನಿಯಮ ಬಿದ್ದಿದ್ದು ಯಾಕೆ

ಈ ಕೇಸು ಹಳೆಯದು. ದೃಷ್ಟಿ ಸಮಸ್ಯೆ ಇರುವ ರಾಜೀವ್ ರತೂರಿ ಎಂಬುವರು 2005ರಲ್ಲಿ ಹಾಕಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿ. ಅದರ ಮೇಲೆ 2017ರ ಡಿಸೆಂಬರ್‌ನಲ್ಲಿ ಒಮ್ಮೆ ತೀರ್ಪು ಬಂತು. ಗಡುವುಗಳನ್ನೂ ಕೊಟ್ಟರು. ಗಡುವು ಕಳೆದವು, ಕೆಲಸ ಆಗಲಿಲ್ಲ. ಆಗ ನ್ಯಾಯಾಲಯ ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯಕ್ಕೆ, ನೆಲದ ಮೇಲೆ ಏನು ನಡೆಯುತ್ತಿದೆ ನೋಡಿ ವರದಿ ಕೊಡಿ ಅಂದಿತು.

ತೊಡಕು ಎಲ್ಲಿದೆ ಅಂತ ಗೊತ್ತಾಗಬೇಕಾದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕೇಂದ್ರ ಸರ್ಕಾರ ಅಳತೆ, ಮಾನದಂಡಗಳ ನಿಯಮ ಮಾಡಬೇಕು ಅಂತ ಹೇಳುವುದು 40ನೇ ಸೆಕ್ಷನ್. ಆ ನಿಯಮದಂತೆ ಇಲ್ಲದ ನಕ್ಷೆಗೆ ಅನುಮತಿ ಕೊಡಬಾರದು, ಕಟ್ಟಿ ಮುಗಿಸಿದ ಮೇಲೆ ಪ್ರಮಾಣಪತ್ರವನ್ನೂ ಕೊಡಬಾರದು ಅನ್ನುವುದು 44ನೇ ಸೆಕ್ಷನ್. ಮೊದಲೇ ಇರುವ ಸಾರ್ವಜನಿಕ ಕಟ್ಟಡಗಳನ್ನು ನಿಯಮ ಬಂದ ಐದು ವರ್ಷದೊಳಗೆ ಸರಿಮಾಡಿ ಅನ್ನುವುದು 45ನೆಯದು. ತಪ್ಪಿದರೆ ದಂಡದ ಮಾತು 89ರಲ್ಲಿದೆ: ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮತ್ತೆ ತಪ್ಪಿದರೆ 50,000ದಿಂದ 5 ಲಕ್ಷದವರೆಗೆ.

ಓದಲು ಗಟ್ಟಿಯಾಗಿಯೇ ಇದೆ. ಆದರೆ ಕಟ್ಟಡದ ಮಟ್ಟಿಗೆ ಇವೆಲ್ಲ ಜೋತುಬಿದ್ದಿರುವುದು ಒಂದೇ ಗೂಟಕ್ಕೆ, ಅಂದರೆ ಕೇಂದ್ರ ಮಾಡುವ ನಿಯಮಕ್ಕೆ. 2017ರ ಜೂನ್‌ನಲ್ಲಿ ಬಂದ 15ನೇ ನಿಯಮ ಮಾಡಿದ್ದಿಷ್ಟೆ: ಬೇರೆ ಬೇರೆ ಇಲಾಖೆಗಳ ಮಾರ್ಗಸೂಚಿಗಳ ಕಡೆ ಬೆರಳು ತೋರಿಸಿತು. ಆ ಮಾರ್ಗಸೂಚಿಗಳ ಭಾಷೆಯೇ 'ಮಾಡಿದರೆ ಒಳ್ಳೆಯದು' ಅನ್ನುವಂಥದ್ದು. ಗೂಟವೇ ಸಡಿಲ ಆದ ಮೇಲೆ ಅದಕ್ಕೆ ಕಟ್ಟಿದ ಹಗ್ಗ ಎಷ್ಟು ಗಟ್ಟಿ ಇದ್ದರೇನು? ಯಾವ ಅಳತೆ ತಪ್ಪಿದ್ದಕ್ಕೆ ದಂಡ ಹಾಕುತ್ತೀರಿ ಅಂತ ಕೇಳಿದರೆ ಅಧಿಕಾರಿ ಹತ್ತಿರ ಉತ್ತರ ಇರಲಿಲ್ಲ.

ನ್ಯಾಯಾಲಯ ಕಿತ್ತಿದ್ದು ಈ ಸಡಿಲ ಗೂಟವನ್ನು. ಕಾಯ್ದೆ ಕಡ್ಡಾಯ ಅನ್ನುವಾಗ ಅದರ ಕೆಳಗಿನ ನಿಯಮ ಐಚ್ಛಿಕ ಆಗಲು ಬರುವುದಿಲ್ಲ, ಮೂರು ತಿಂಗಳಲ್ಲಿ ಕಡ್ಡಾಯ ನಿಯಮ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. ಯಾವುದರಲ್ಲಿ ರಾಜಿಯೇ ಇಲ್ಲ, ಯಾವುದನ್ನು ಹಂತಹಂತವಾಗಿ ಮಾಡಬಹುದು ಅಂತ ಬೇರೆ ಬೇರೆ ಮಾಡಲೂ ಹೇಳಿತು. ಹೊಸ ನಿಯಮ ಬರುವವರೆಗೆ ಈಗಿನ ಮಾನದಂಡಗಳ ಕೆಲಸ ನಿಲ್ಲಬಾರದು ಅಂತಲೂ ತೀರ್ಪಿನಲ್ಲೇ ಇದೆ. ಹಾಗಾಗಿ ರ‍್ಯಾಂಪ್ ರದ್ದಾಗಿಲ್ಲ. ರದ್ದಾಗಿದ್ದು ನುಣುಚಿಕೊಳ್ಳುವ ದಾರಿ.

ಕೆಳಗಿಳಿದು ಬಂದ ಅಧಿಕಾರಿ

ತೀರ್ಪಿನಲ್ಲಿ ಇನ್ನೊಂದು ಮುಖ್ಯ ಮಾತಿದೆ, ಅದು ಸುದ್ದಿಯಲ್ಲಿ ಜಾಸ್ತಿ ಬರಲಿಲ್ಲ. ಒಬ್ಬ ವ್ಯಕ್ತಿಗಾಗಿ ಆ ಹೊತ್ತಿಗೆ ಮಾಡುವ ಹೊಂದಾಣಿಕೆ ಬೇರೆ, ಯಾರೂ ಕೇಳುವ ಮೊದಲೇ ಎಲ್ಲರಿಗೂ ತೆರೆದಿಡುವ ವ್ಯವಸ್ಥೆ ಬೇರೆ ಅಂತ ನ್ಯಾಯಾಲಯ ಬಿಡಿಸಿ ಹೇಳಿದೆ.

ಇದು ನಮಗೆ ತುಂಬ ಪರಿಚಯದ ಸಂಗತಿ. ವೀಲ್‌ಚೇರ್‌ನಲ್ಲಿ ಬಂದವರ ಅರ್ಜಿ ತೆಗೆದುಕೊಳ್ಳಲು ಅಧಿಕಾರಿ ಮಹಡಿಯಿಂದ ಕೆಳಗಿಳಿದು ಬರುತ್ತಾರೆ. ಮರುದಿನ ಪೇಪರಿನಲ್ಲಿ ಫೋಟೊ, ಕೆಳಗೆ 'ಮಾನವೀಯತೆ ಮೆರೆದ ಅಧಿಕಾರಿ'. ಅಧಿಕಾರಿ ಒಳ್ಳೆಯವರೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ಫೋಟೊ ನಿಜವಾಗಿ ತೋರಿಸುವುದು ಕಟ್ಟಡದ ತಪ್ಪನ್ನು. ಮುಂದಿನ ವಾರ ಅವರಿಗೆ ವರ್ಗವಾದರೆ ಅರ್ಜಿದಾರ ಮತ್ತೆ ಮೆಟ್ಟಿಲ ಕೆಳಗೇ.

ಕುರ್ಚಿ ಬಂತು, ದಾರಿ ಬರಲಿಲ್ಲ

ವೀಲ್‌ಚೇರ್ ಬಳಸುವವರ ದಿನನಿತ್ಯದ ಬದುಕಿನ ಚರಿತ್ರೆ ನೋಡಿದರೆ ನ್ಯಾಯಾಲಯ ಯಾಕೆ ಇಷ್ಟು ಬಿಗಿ ಹಿಡಿಯಿತು ಅಂತ ಗೊತ್ತಾಗುತ್ತದೆ.

ಕುರ್ಚಿ ಹಳೆಯದು. 1655ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಕಡೆಯ ಸ್ಟೀಫನ್ ಫಾರ್ಫ್ಲರ್ ಎಂಬ ಗಡಿಯಾರ ಕೆಲಸದವ, ಕಾಲು ನಡೆಯಲು ಬಾರದವ, ಕೈಯಲ್ಲಿ ತಿರುಗಿಸುವ ಮೂರು ಗಾಲಿಯ ಗಾಡಿ ಮಾಡಿಕೊಂಡ. ಆತನಿಗೆ ಯಾರೂ ತಳ್ಳುವುದು ಬೇಕಿರಲಿಲ್ಲ. ಆಮೇಲೆ ಸುಮಾರು ಮುನ್ನೂರು ವರ್ಷ ಬಂದ ಹೆಚ್ಚಿನ ಕುರ್ಚಿಗಳು ಬೇರೆಯವರು ತಳ್ಳುವಂಥವು, ಅದೂ ಉಳ್ಳವರಿಗೆ. 1933ರಲ್ಲಿ ಅಮೆರಿಕದ ಹರ್ಬರ್ಟ್ ಎವರೆಸ್ಟ್ ಮತ್ತು ಹ್ಯಾರಿ ಜೆನ್ನಿಂಗ್ಸ್ ಮಡಚುವ ಉಕ್ಕಿನ ಕುರ್ಚಿ ಮಾಡಿದರು. ಎವರೆಸ್ಟ್ ಗಣಿ ಅಪಘಾತದಲ್ಲಿ ಬೆನ್ನು ಮುರಿದುಕೊಂಡ ಇಂಜಿನಿಯರ್. ಮಡಚಿದರೆ ಕುರ್ಚಿ ಕಾರಿನೊಳಗೆ ಹೋಗುತ್ತದೆ, ಕಾರಿನೊಳಗೆ ಹೋದರೆ ಮನುಷ್ಯ ಊರು ಬಿಟ್ಟು ಹೋಗಬಲ್ಲ. ಇವತ್ತು ನಮ್ಮ ಶಿಬಿರಗಳಲ್ಲಿ ಹಂಚುವ ಕುರ್ಚಿ ಹೆಚ್ಚೂಕಡಿಮೆ ಅದೇ ತೊಂಬತ್ತು ವರ್ಷದ ಹಳೆ ಮಾದರಿ.

ನಿಜವಾದ ತಿರುವು ಆಸ್ಪತ್ರೆಯಲ್ಲಿ ಬಂತು. ಎರಡನೇ ಮಹಾಯುದ್ಧದ ಮೊದಲು ಬೆನ್ನುಹುರಿಗೆ ಪೆಟ್ಟಾದವರು ಹೆಚ್ಚು ದಿನ ಬದುಕುತ್ತಿರಲಿಲ್ಲ. ಮಲಗಿ ಮಲಗಿ ಬೆನ್ನುಹುಣ್ಣಾಗಿ, ಮೂತ್ರದ ಸೋಂಕಾಗಿ ತೀರಿಕೊಳ್ಳುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗುಟ್‌ಮನ್ ಮಾಡಿದ ಕೆಲಸ ಕೇಳಲು ತುಂಬ ಸಣ್ಣದು: ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಾಯಿಸುವುದು, ಬೇಗ ಎಬ್ಬಿಸಿ ಕೂರಿಸುವುದು, ಆಟ ಆಡಿಸುವುದು. 1948ರಲ್ಲಿ ಅಲ್ಲಿ ನಡೆದ ಬಿಲ್ಲುಬಾಣದ ಆಟವೇ ಮುಂದೆ ಪ್ಯಾರಾಲಿಂಪಿಕ್ಸ್ ಆಯಿತು. ಇದರ ಪರಿಣಾಮ ದೊಡ್ಡದು. ತಿಂಗಳುಗಟ್ಟಲೆ ಅಷ್ಟೇ ಬದುಕುತ್ತಿದ್ದವರು ದಶಕಗಟ್ಟಲೆ ಬದುಕತೊಡಗಿದರು. ಬದುಕಿದವರಿಗೆ ಮನೆ ಬೇಕು, ಕೆಲಸ ಬೇಕು, ಸಿನಿಮಾ ಬೇಕು. ಮೆಟ್ಟಿಲು ಅಡ್ಡ ಬಂದಿದ್ದು ಆಗ.

ಮುಂದಿನದ್ದೆಲ್ಲ ಜಗಳದ ಕತೆ. 1962ರಲ್ಲಿ ಎಡ್ ರಾಬರ್ಟ್ಸ್ ಎಂಬ ಪೋಲಿಯೊ ಪೀಡಿತ ಯುವಕ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯ ಸೇರಿದಾಗ ಉಳಿಯಲು ಸಿಕ್ಕಿದ್ದು ಕ್ಯಾಂಪಸ್ಸಿನ ಆಸ್ಪತ್ರೆಯ ಕೋಣೆ. 1990ರ ಮಾರ್ಚ್‌ನಲ್ಲಿ ವಾಷಿಂಗ್ಟನ್ನಿನ ಸಂಸತ್ ಭವನದ ಮೆಟ್ಟಿಲ ಬುಡದಲ್ಲಿ ಜನ ವೀಲ್‌ಚೇರ್ ಬಿಟ್ಟು ತೆವಳಿಕೊಂಡು ಮೇಲೆ ಹತ್ತಿದರು. ಜುಲೈನಲ್ಲಿ ಅಲ್ಲಿ ಅಂಗವಿಕಲರ ಹಕ್ಕಿನ ಕಾಯ್ದೆ ಬಂತು.

ನಮ್ಮಲ್ಲಿಯೂ ಅಷ್ಟೆ. ಕೃತಕ ಕಾಲು, ಮೂರು ಗಾಲಿ ಸೈಕಲ್ ಮಾಡಲು ಕಾನ್ಪುರದಲ್ಲಿ ಅಲಿಮ್ಕೊ ಕಂಪನಿ ಶುರುವಾಗಿದ್ದು 1972ರಲ್ಲಿ. ಅಂಗವಿಕಲರ ಮೊದಲ ಸಮಗ್ರ ಕಾಯ್ದೆ 1995ರಲ್ಲಿ. ಗಾಡಿ ಕೊಟ್ಟಿದ್ದಕ್ಕೂ ಹಕ್ಕು ಕೊಟ್ಟಿದ್ದಕ್ಕೂ ನಡುವೆ 23 ವರ್ಷ! ಆ ಕಾಯ್ದೆಯಲ್ಲೂ ರಸ್ತೆ, ಬಸ್ಸು, ಕಟ್ಟಡದ ಮಾತು ಬಂದಾಗ 'ಆರ್ಥಿಕ ಶಕ್ತಿಯ ಮಿತಿಯೊಳಗೆ' ಅನ್ನುವ ಬಾಲ ಸೇರಿಸಿದ್ದರು. ಮಾಡದಿರಲು ಅಷ್ಟು ಸಾಕಾಯಿತು. 2001ರಲ್ಲಿ ವಿಜ್ಞಾನಿ ಸ್ಟೀಫನ್ ಹಾಕಿಂಗ್ ದೆಹಲಿಗೆ ಬಂದಾಗ ಕುತುಬ್ ಮಿನಾರಿನಂಥ ಕಡೆ ಗಡಿಬಿಡಿಯಲ್ಲಿ ಮರದ ರ‍್ಯಾಂಪ್ ಇಟ್ಟರು. ಬಂದ ಅತಿಥಿಗೆ ಒಂದು ದಿನದಲ್ಲಿ ಆಗುವ ಕೆಲಸ ಊರಿನವರಿಗೆ ಅಷ್ಟು ವರ್ಷ ಯಾಕೆ ಆಗಿರಲಿಲ್ಲ?

ಒಂದು ಒಳ್ಳೆಯ ಉದಾಹರಣೆಯೂ ಇದೆ. ಹಳ್ಳಿಯ ಸರ್ಕಾರಿ ಶಾಲೆಗೆ ಹೋಗಿ ನೋಡಿ. ಬೇರೆ ಯಾವ ಕಟ್ಟಡಕ್ಕೆ ಇಲ್ಲದಿದ್ದರೂ ಅಲ್ಲಿ ಒಂದು ಸಿಮೆಂಟ್ ರ‍್ಯಾಂಪ್ ಕಾಣುವ ಸಾಧ್ಯತೆ ಜಾಸ್ತಿ. ಇದಕ್ಕೆ ಶಿಕ್ಷಣ ಇಲಾಖೆಯ ಯೋಜನೆಗಳೂ ಕಾರಣ, ಆದರೆ ಒತ್ತಡ ಬಂದಿದ್ದು ಇನ್ನೊಂದು ಕಡೆಯಿಂದ. ಶಾಲೆಯೇ ಮತಗಟ್ಟೆ. 2004ರ ಲೋಕಸಭಾ ಚುನಾವಣೆ ಹೊತ್ತಿಗೆ ಮತಗಟ್ಟೆಗಳಲ್ಲಿ ರ‍್ಯಾಂಪ್ ಇರಲಿ ಅಂತ ಸುಪ್ರೀಂ ಕೋರ್ಟ್ ಹೇಳಿತು. ಚುನಾವಣೆಗೆ ಒಂದು ದಿನಾಂಕ ಇರುತ್ತದೆ, ಹೊಣೆ ಹೊರುವ ಅಧಿಕಾರಿ ಇರುತ್ತಾರೆ, ತಪ್ಪಿದರೆ ನೋಟಿಸ್ ಬರುತ್ತದೆ. ಮಾರ್ಗಸೂಚಿಗೆ ಈ ಮೂರೂ ಇಲ್ಲ.

ಬೆಟ್ಟದ ಸೀಮೆಯ ಗಾಲಿ

ಶಿವಮೊಗ್ಗ ಜಿಲ್ಲೆಗೆ ಈ ವಿಷಯ ದೂರದ್ದಲ್ಲ. ಸಾಗರದ ಪಕ್ಕದ ಹಂದಿಗೋಡು ಗ್ರಾಮದ ಹೆಸರಿನಲ್ಲೇ ಒಂದು ಕಾಯಿಲೆ ಇದೆ. 1970ರ ದಶಕದ ನಡುವೆ ಅದು ಹೊರಗಿನವರ ಕಣ್ಣಿಗೆ ಬಿತ್ತು. ಸೊಂಟ, ಮಂಡಿಯ ಕೀಲುಗಳು ನೋವಿನಿಂದ ಬಿಗಿದು, ಕೋಲು ಹಿಡಿದು ನಡೆಯುವವರು ಕೊನೆಗೆ ಕೈಯೂರಿ ತೆವಳುವ ಸ್ಥಿತಿಗೆ ಬರುತ್ತಿದ್ದರು. ಹೆಚ್ಚಾಗಿ ದಲಿತ ಕುಟುಂಬಗಳು. ಗದ್ದೆಗೆ ಹೊಡೆದ ವಿಷ ಏಡಿಯ ಮೂಲಕ ಹೊಟ್ಟೆಗೆ ಹೋಗಿ ಹೀಗಾಯಿತೇ ಅಂತ ಮೊದಲು ಅನುಮಾನಪಟ್ಟರು. ಆಮೇಲಿನ ಅಧ್ಯಯನಗಳು ಇದು ವಂಶವಾಹಿಯಾಗಿ ಬರುವ ಮೂಳೆ-ಕೀಲಿನ ಕಾಯಿಲೆ ಅಂದವು. ಕಾಯಿಲೆಯ ಬಗ್ಗೆ ಬಂದಷ್ಟು ಸಂಶೋಧಕರು ಅಲ್ಲಿನ ಮನೆಯ ಹೊಸ್ತಿಲು, ಬಚ್ಚಲು ನೋಡಲು ಬಂದರೆ? ತೆವಳುವವರಿಗೆ ರೋಗದ ಹೆಸರಿಗಿಂತ ಬಚ್ಚಲ ಮೆಟ್ಟಿಲು ಹತ್ತಿರದ ಸಮಸ್ಯೆ.

ಇನ್ನೊಂದು, ಅಡಿಕೆ ಮರ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಪಾಚಿಗಟ್ಟಿದ ಮರ ಹತ್ತುತ್ತಾರೆ, ಕೊಯ್ಲಿನ ಕಾಲದಲ್ಲಿ ಕೊನೆ, ಅಂದರೆ ಅಡಿಕೆ ಗೊನೆ, ಇಳಿಸಲು ಹತ್ತುತ್ತಾರೆ. ನಲವತ್ತು ಐವತ್ತು ಅಡಿಯಿಂದ ಬಿದ್ದು ಬದುಕಿದವರಲ್ಲಿ ಬೆನ್ನುಹುರಿ ಪೆಟ್ಟು ಸಾಮಾನ್ಯ. ಗುಟ್‌ಮನ್ ಎಂಬತ್ತು ವರ್ಷದ ಹಿಂದೆ ಕಲಿಸಿದ ಮಗ್ಗುಲು ಬದಲಾಯಿಸುವ ಪಾಠ ಎಷ್ಟೋ ಮನೆಗೆ ಇನ್ನೂ ತಲುಪಿಲ್ಲ, ಬೆನ್ನುಹುಣ್ಣೇ ಜೀವಕ್ಕೆ ಎರವಾಗುತ್ತದೆ. ಪೋಲಿಯೊ ಹೋಯಿತು, ದೇಶದ ಕೊನೆಯ ಪ್ರಕರಣ 2011ರ ಜನವರಿಯದು. ಆದರೆ ಮರದಿಂದ ಬೀಳುವವರು, ಬೈಕ್ ಅಪಘಾತದವರು, ಲಕ್ವ ಹೊಡೆದವರು, ಸುಮ್ನೆ ವಯಸ್ಸಾದವರು ಇದ್ದೇ ಇದ್ದಾರೆ. ನೆಲದಿಂದಲೇ ಕೊನೆ ಇಳಿಸುವ ಫೈಬರ್ ದೋಟಿ ಬಂದಿರುವುದು ಈ ವಿಷಯದಲ್ಲಿ ದೊಡ್ಡ ಸಮಾಧಾನ.

ಇವರು ಓಡಾಡಿದ್ದು ಹೇಗೆ? ಮೊದಲು ಕಂಬಳಿ ಜೋಲಿ, ಇಲ್ಲವೇ ಇನ್ನೊಬ್ಬರ ಬೆನ್ನು. ಆಮೇಲೆ ಸರ್ಕಾರದ ಮೂರು ಗಾಲಿ ಸೈಕಲ್. ಬಯಲುಸೀಮೆಯಲ್ಲಿ ಅದು ಪರವಾಗಿಲ್ಲ. ನಮ್ಮ ಏರಿನಲ್ಲಿ ಕೈಪೆಡಲ್ ತಿರುಗಿಸಿ ಹತ್ತಿಸಲು ಆಗದು, ಇಳಿಜಾರಿನಲ್ಲಿ ನಿಲ್ಲಿಸಲು ಆಗದು, ಜೂನ್‌ನಿಂದ ಅಕ್ಟೋಬರ್‌ವರೆಗೆ ತಲೆ ಮೇಲೆ ಸೂರಿಲ್ಲ. ಹಾಗಾಗಿ ಎಷ್ಟೋ ಸೈಕಲ್‌ಗಳು ಕೊಟ್ಟಿಗೆಯಲ್ಲಿ ದರಕು, ಅಂದರೆ ಒಣ ಎಲೆ, ಹೊತ್ತು ನಿಂತವು. ಮಲೆನಾಡಿನ ಮಟ್ಟಿಗೆ ಬದುಕು ಬದಲಿಸಿದ್ದು ಪಕ್ಕದಲ್ಲಿ ಎರಡು ಗಾಲಿ ಹಾಕಿದ ಸ್ಕೂಟರ್. ಅದು ಏರು ಹತ್ತುತ್ತದೆ, ಪೇಟೆಗೆ ಹೋಗುತ್ತದೆ, ಯಾರನ್ನೂ ಕಾಯುವುದು ಬೇಡ.

ಆದರೆ ಸ್ಕೂಟರ್ ಬಾಗಿಲವರೆಗೆ ಮಾತ್ರ. ಅಲ್ಲಿ ಮೂರು ಮೆಟ್ಟಿಲು.

ಆ ಮೆಟ್ಟಿಲು ಬಂದಿದ್ದಕ್ಕೂ ಕಾರಣ ಇದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ. ಅಂಗಳದ ನೀರು ಒಳಗೆ ಬರಬಾರದು ಅಂತ ಜಗಲಿ ಎತ್ತರಿಸುತ್ತಾರೆ, ಒರತೆ ಏಳಬಾರದು ಅಂತ ತಳಪಾಯ ಎತ್ತರಿಸುತ್ತಾರೆ. ದನ ನುಗ್ಗಬಾರದು ಅಂತ ದಣಪೆ, ಹಳ್ಳ ದಾಟಲು ಅಡಿಕೆ ದಬ್ಬೆಯ ಸಂಕ. ಒಂದೊಂದಕ್ಕೂ ಸರಿಯಾದ ಕಾರಣ ಇದೆ, ಎಲ್ಲ ಸೇರಿದಾಗ ನಡೆಯಲಾರದವರು ಮನೆಯೊಳಗೇ ಉಳಿಯುತ್ತಾರೆ. ಯಾರೂ ಬೇಕಂತ ಮಾಡಿದ್ದಲ್ಲ.

ಒಂದಕ್ಕೆ ಹನ್ನೆರಡು

ಮಾರ್ಗಸೂಚಿಗಳ ಪ್ರಕಾರ ರ‍್ಯಾಂಪಿನ ಏರು 1:12 ಮೀರಬಾರದು. ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಅರ್ಧ ಅಡಿಯ ಮೂರು ಮೆಟ್ಟಿಲು ಒಂದೂವರೆ ಅಡಿ, ಅದಕ್ಕೆ ಹದಿನೆಂಟು ಅಡಿ ರ‍್ಯಾಂಪ್ ಬೇಕು. ನಾವು ಸಾಮಾನ್ಯವಾಗಿ ಕಾಣುವುದು ಐದಾರು ಅಡಿಯದ್ದು. ಅದು ಬೈಕ್ ಹತ್ತಿಸುವ ರ‍್ಯಾಂಪ್, ವೀಲ್‌ಚೇರ್‌ನದ್ದಲ್ಲ. ಅದರಲ್ಲಿ ಒಬ್ಬರೇ ಹತ್ತಿದರೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಮೇಲೆ ನುಣುಪು ಗ್ರಾನೈಟ್ ಹಾಕಿದ್ದರೆ ಮಳೆಗಾಲದಲ್ಲಿ ಕಾಲಿದ್ದವರೂ ಜಾರುತ್ತಾರೆ.

ಬೆಟ್ಟದ ಊರಲ್ಲಿ ಇದೆಲ್ಲ ಸಾಧ್ಯವಾ ಅನ್ನುವ ವಾದಕ್ಕೆ ಆಗುಂಬೆ ಘಾಟಿಯೇ ಉತ್ತರ. ಅಲ್ಲಿನ 14 ಹೇರ್‌ಪಿನ್ ತಿರುವುಗಳು ಇನ್ನೇನು? ಏರು ಕಡಿಮೆ ಮಾಡಲು ದಾರಿ ಉದ್ದ ಮಾಡು, ಜಾಗ ಸಾಲದಿದ್ದರೆ ತಿರುಗಿಸು. ರ‍್ಯಾಂಪಿನ ಲೆಕ್ಕವೂ ಅದೇ. ಸಿಗಂದೂರಿಗೆ ಹೋಗುತ್ತಿದ್ದ ಲಾಂಚ್‌ಗೆ ಬಸ್ಸು, ಕಾರು ಹತ್ತಬೇಕು ಅಂತ ದಡದಲ್ಲಿ ಇಳಿಜಾರು ಮಾಡಿದ್ದರು, ಮೆಟ್ಟಿಲು ಕಟ್ಟಲಿಲ್ಲ. ಪಕ್ಕದಲ್ಲೇ ಎರಡು ಕಿಲೋಮೀಟರ್ ಮೀರಿದ ಸೇತುವೆಯೂ ಎದ್ದಿತು, 2025ರ ಜುಲೈನಲ್ಲಿ ತೆರೆಯಿತು. ಗಾಡಿ ಹೋಗಬೇಕು ಅಂದಾಗ ಬೆಟ್ಟ, ಹೊಳೆ ಅಡ್ಡ ಬರುವುದಿಲ್ಲ.

ಯಾರ ವಾದ ಏನು

ಕಟ್ಟಡ ಕಟ್ಟುವವರ ಮಾತು ಖರ್ಚಿನದ್ದು. ಹೊಸ ಕಟ್ಟಡಕ್ಕೆ ಇದು ದುರ್ಬಲ ವಾದ, ನಕ್ಷೆಯಲ್ಲೇ ಸೇರಿಸಿದರೆ ರ‍್ಯಾಂಪಿಗೆ ಹೆಚ್ಚು ಬೀಳುವುದಿಲ್ಲ. ಹಳೆಯ ಕಟ್ಟಡಕ್ಕೆ ನಿಜವಾದ ವಾದ. ಶಿವಮೊಗ್ಗದ ಗಾಂಧಿ ಬಜಾರಿನಂಥ ಇಕ್ಕಟ್ಟಿನ ಪೇಟೆಯಲ್ಲಿ ಅಂಗಡಿ ಮುಂದೆ ಹದಿನೆಂಟು ಅಡಿ ಎಲ್ಲಿಂದ ತರುವುದು? ಅಲ್ಲಿ ಮಡಚುವ ರ‍್ಯಾಂಪ್, ಸಣ್ಣ ಲಿಫ್ಟ್ ತರಹದ ದಾರಿಗಳನ್ನು ನಿಯಮವೇ ಒಪ್ಪಬೇಕಾಗುತ್ತದೆ. ಇಕ್ಕೇರಿಯಂಥ ಹಳೆಯ ದೇವಸ್ಥಾನಗಳ ಕತೆ ಬೇರೆ, ಕಲ್ಲು ಮುಟ್ಟದೆ ಮಾಡುವ ಕೆಲಸ ಅದು.

ಆಡಳಿತದವರ ವಾದ ಹಂತಹಂತವಾಗಿ ಮಾಡೋಣ ಅನ್ನುವುದು. ಕೇಳಲು ನ್ಯಾಯವಾಗಿದೆ. ಆದರೆ 45ನೇ ಸೆಕ್ಷನ್ನಿನ ಐದು ವರ್ಷ 2022ರ ಜೂನ್‌ಗೇ ಮುಗಿದಿದೆ. ಈ ನಡುವೆ ಅಂಗವಿಕಲ ಹೋಗಿ ವಿಕಲಚೇತನ ಆಯಿತು, ವಿಶೇಷಚೇತನ ಆಯಿತು. ಹೆಸರು ಬದಲಾಯಿಸಲು ಹಂತ ಬೇಕಾಗಲಿಲ್ಲ ನೋಡಿ.

ವೀಲ್‌ಚೇರ್ ಬಳಸುವವರ ಕಡೆಯಿಂದ ಬರುವ ತಕರಾರು ಇನ್ನೂ ಸೂಕ್ಷ್ಮ. ನಿಯಮವನ್ನು ರ‍್ಯಾಂಪಿಗೆ ಇಳಿಸಿಬಿಡುತ್ತೀರಿ, ಶೌಚಾಲಯ ಮರೆಯುತ್ತೀರಿ ಅನ್ನುತ್ತಾರೆ ಅವರು. ಇದು ಸತ್ಯ. ಕುರ್ಚಿ ತಿರುಗಲು ಸುಮಾರು ಐದು ಅಡಿ ಅಡ್ಡಗಲದ ಜಾಗ ಬೇಕು. ಎರಡಡಿ ಬಾಗಿಲ ಶೌಚಾಲಯದೊಳಗೆ ಕುರ್ಚಿ ನುಗ್ಗುವುದೇ ಇಲ್ಲ. ಹಾಗಾಗಿ ಹೊರಗೆ ಹೊರಟ ದಿನ ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ನೀರು ಕುಡಿಯದಿದ್ದರೆ ಮೂತ್ರದ ಸೋಂಕು. ಒಂದು ಬಾಗಿಲ ಅಗಲ ಆಸ್ಪತ್ರೆ ಬಿಲ್ಲಿಗೆ ಹೋಗಿ ಮುಟ್ಟುವ ದಾರಿ ಇದು.

ಮುಂದೆ ಏನಾಗಬಹುದು

ತೀರ್ಪು ಕೊಟ್ಟ ಮೂರು ತಿಂಗಳ ಗಡುವು ಅಂದರೆ 2025ರ ಫೆಬ್ರುವರಿ. ಕಡ್ಡಾಯ ನಿಯಮ ಬಂದರೆ ಮೊದಲು ಬಿಸಿ ತಟ್ಟುವುದು ಹೊಸ ಕಟ್ಟಡಗಳಿಗೆ: ಕಲ್ಯಾಣ ಮಂಟಪ, ಖಾಸಗಿ ಆಸ್ಪತ್ರೆ, ಮಾಲ್, ಬ್ಯಾಂಕು ಕೂರುವ ಕಾಂಪ್ಲೆಕ್ಸು. ಕಾಯ್ದೆ ಖಾಸಗಿ ಸಂಸ್ಥೆಗಳನ್ನೂ ಹಿಡಿಯುತ್ತದೆ, ಸರ್ಕಾರಿ ಕಚೇರಿಗೆ ಮಾತ್ರ ಅಂದುಕೊಳ್ಳಬೇಡಿ. ಶಿವಮೊಗ್ಗದಲ್ಲಿ ನಕ್ಷೆ ನೋಡುವ ಪಾಲಿಕೆ ಇದೆ, ಇಂಜಿನಿಯರ್ ಇದ್ದಾರೆ, ಅಲ್ಲಿ ಸ್ವಲ್ಪ ಬದಲಾವಣೆ ಕಾಣಬಹುದು. ಆದರೆ ಪ್ರಮಾಣಪತ್ರ ತಡೆಹಿಡಿಯುತ್ತೇವೆ ಅನ್ನುವ ಬೆದರಿಕೆ ನಡೆಯುವುದು ಪ್ರಮಾಣಪತ್ರಕ್ಕೆ ಬೆಲೆ ಇರುವ ಕಡೆ. ಅದನ್ನು ತೆಗೆದುಕೊಳ್ಳದೆಯೇ ಉದ್ಘಾಟನೆ ಮುಗಿಸುವ ಊರುಗಳಲ್ಲಿ ಬೇರೆ ಉಪಾಯ ಬೇಕು.

ಹಳ್ಳಿಯ ಕಡೆ ಪರಿಣಾಮ ನಿಧಾನ. ಸ್ವಂತ ಮನೆಗೆ ಈ ನಿಯಮ ಬರುವುದಿಲ್ಲ, ದಣಪೆಗೂ ಸಂಕಕ್ಕೂ ಬರುವುದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಗ್ರಾಮ ಪಂಚಾಯಿತಿ ಅಂಗವಿಕಲರಿಗೆ ಅಂತ ತೆಗೆದಿಡಬೇಕಾದ ಶೇ 5ರ ಹಣ. ಅದನ್ನು ಸಲಕರಣೆ ಹಂಚಲು ಬಳಸುವುದು ರೂಢಿ. ಅದೇ ಹಣದಲ್ಲಿ ಒಬ್ಬರ ಮನೆಯಿಂದ ರಸ್ತೆವರೆಗಿನ ಐವತ್ತು ಅಡಿ ದಾರಿಗೆ ಒರಟು ಕಾಂಕ್ರೀಟ್ ಹಾಕಿದರೆ, ಹಂಚಿದ ಸ್ಕೂಟರ್ ಮಳೆಗಾಲದಲ್ಲೂ ಹೊರಡುತ್ತದೆ. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಯಾರ ಮನೆಯಲ್ಲಿ ಏನು ಅಡ್ಡಿ ಇದೆ ಅನ್ನುವುದು ಚೆನ್ನಾಗಿಯೇ ಗೊತ್ತಿರುತ್ತದೆ.

ನಿಜವಾದ ಜಗ್ಗಾಟ ಬಸ್ಸಿನದ್ದು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಓಡುವುದರಲ್ಲಿ ಖಾಸಗಿ ಬಸ್ಸುಗಳ ಪಾಲು ದೊಡ್ಡದು. ಮೂರು ಕಡಿದಾದ ಮೆಟ್ಟಿಲು, ನಡುವೆ ಕಂಬಿ, ವೀಲ್‌ಚೇರ್ ಟಾಪಿನ ಮೇಲೆ, ಅದರ ಯಜಮಾನನನ್ನು ಕಂಡಕ್ಟರ್ ಎತ್ತಿ ಸೀಟಿಗೆ ಕೂರಿಸಬೇಕು. ದೊಡ್ಡ ಊರುಗಳ ತಗ್ಗು ನೆಲದ ಬಸ್ಸು ನಮ್ಮ ಹಳ್ಳಿ ರಸ್ತೆಯ ಉಬ್ಬಿಗೆ ತಳ ತಾಗುತ್ತದೆ, ಅದು ಸುಳ್ಳಲ್ಲ. ಹಿಂಬಾಗಿಲಿಗೆ ಸಣ್ಣ ಲಿಫ್ಟ್ ಹಾಕಬಹುದು, ಖರ್ಚು ಯಾರದ್ದು ಅನ್ನುವಲ್ಲಿ ಮಾತು ನಿಲ್ಲುತ್ತದೆ. ಕಡ್ಡಾಯ ನಿಯಮದಲ್ಲಿ ಬಸ್ಸನ್ನು ರಾಜಿ ಇಲ್ಲದ ಪಟ್ಟಿಗೆ ಸೇರಿಸುತ್ತಾರೋ, ಹಂತಹಂತದ ಪಟ್ಟಿಗೆ ತಳ್ಳುತ್ತಾರೋ, ಮಲೆನಾಡಿನವರು ಮೊದಲು ಹುಡುಕಬೇಕಾದ ಸಾಲು ಅದು.